ಸತ್ತ ಫೋನಿನಿಂದ ಬಂದ ಸಂದೇಶ

"ಉಸಿರು ಬಂತು," ಎಂದಳು ಭೂತಗನ್ನಡಿ ಅಕ್ಕ.

ಮೇಜಿನ ಮೇಲೆ ಬೆನ್ನು ಬಿಚ್ಚಿ ಮಲಗಿಸಿದ್ದ ಫೋನು ಒಮ್ಮೆ ನಡುಗಿತು. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳು ಒಂದರ ಹಿಂದೊಂದು ಓಡಿದವು. ಆಮೇಲೆ ಯಾರೋ ಒಂದೊಂದೇ ಕಿಟಕಿ ತೆರೆದ ಹಾಗೆ ನೀಲಿ ಚೌಕಗಳು ಮೂಡಿದವು. ದೊಡ್ಡದೊಂದು, ಸಣ್ಣವು ನಾಲ್ಕು, ಮತ್ತೆ ದೊಡ್ಡದೊಂದು.

ಎದುರಿನ ಸ್ಟೂಲಿನಲ್ಲಿ ಕೂತಿದ್ದ ಟೈಲರಮ್ಮ ಬಾಯಿಗೆ ಅಂಗೈ ಒತ್ತಿಕೊಂಡಳು.

ಐದು ವರ್ಷದ ಹಿಂದೆ ಕೆಲಸಕ್ಕೆಂದು ಹೋದ ಅವಳ ಗಂಡ, ಲಿಫ್ಟ್ ಮೇಸ್ತ್ರಿ, ಮನೆಗೆ ಮರಳಿರಲಿಲ್ಲ. ಅವನ ಈ ಫೋನು ಕಳೆದ ಗುರುವಾರ, ಏಳಂತಸ್ತಿನ ಹಳೆ ಕಟ್ಟಡದ ಲಿಫ್ಟ್ ಕಳಚುವಾಗ, ಮೆಷಿನ್ ರೂಮಿನ ಕಬ್ಬಿಣದ ಪೆಟ್ಟಿಗೆಯ ಹಿಂದೆ ಸಿಕ್ಕಿತ್ತು. ಕಳಚಿದವರು ಅದನ್ನು ಅಕ್ಕನಿಗೆ ತಂದುಕೊಟ್ಟಿದ್ದರು. ಒಳಗೆ ಸಿಮ್ ಇರಲಿಲ್ಲ.

"ಬ್ಯಾಟರಿ ಊದಿಕೊಂಡು ಹಪ್ಪಳ ಆಗಿತ್ತು. ಇದೇ ಜಾತಿಯ ಇನ್ನೊಂದು ಸತ್ತ ಫೋನಿಂದ ಕಿತ್ತು ಹಾಕಿದೀನಿ. ಎಷ್ಟು ಹೊತ್ತು ಬರುತ್ತೋ ಗೊತ್ತಿಲ್ಲ, ವೈರ್ ಚುಚ್ಚಿಯೇ ಇಡೋಣ," ಎಂದಳು ಅಕ್ಕ.

"ನಮ್ಮನೆಯವರು ಬೆಳಿಗ್ಗೆ ಏಳುವಾಗಲೂ ಹಿಂಗೇ ಮಾಡೋರು ಅಕ್ಕ. ಮೊದಲು ನಡುಗೋರು, ಆಮೇಲೆ ಕಣ್ಣು ಬಿಡೋರು."

ಹೇಳಿ ಟೈಲರಮ್ಮ ತಾನೇ ನಕ್ಕಳು. ನಕ್ಕದ್ದಕ್ಕೆ ತನ್ನನ್ನೇ ಗದರಿಕೊಂಡಳು.

ಬೀಗದ ಕೈ ಮಾಡುವವನ ಗೂಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗೆ ಸಿಕ್ಕಿಕೊಂಡಂತಿತ್ತು ಅಕ್ಕನ ಮೊಬೈಲ್ ರಿಪೇರಿ ಅಂಗಡಿ. ಎದ್ದು ನಿಂತರೆ ಸೂರು ತಲೆಗೆ ತಾಗುತ್ತಿತ್ತು. ಇದ್ದದ್ದು ಒಂದೇ ಬಾಗಿಲು. ಬಾಗಿಲ ಪಕ್ಕದಲ್ಲೇ ಕರೆಂಟಿನ ಬೋರ್ಡು, ಅದರ ಮೇಲೆ ವೈಫೈ ಡಬ್ಬಿ. ಅಕ್ಕ ಸದಾ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬೀದಿಯವರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟರು. ಮಕ್ಕಳು ಅದನ್ನೂ ಮೊಟಕು ಮಾಡಿ ಭೂತಕ್ಕ ಎನ್ನುತ್ತಿದ್ದವು. ಅವಳಿಗೆ ಬೇಸರವೇನೂ ಇರಲಿಲ್ಲ. ಸತ್ತವುಗಳನ್ನು ಮಾತಾಡಿಸುವವಳಿಗೆ ಒಪ್ಪುವ ಹೆಸರೇ ಅದು.

ಈ ಫೋನನ್ನು ಮೇಸ್ತ್ರಿಗೆ ಮಾರಿದ್ದವಳೂ ಅವಳೇ.

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಆಗ ಎಲ್ಲರೂ ನಕ್ಕಿದ್ದರು. ಹತ್ತರಲ್ಲಿ ಒಂಬತ್ತು ಜನ ಕೊಳ್ಳುವ ಫೋನು ಬಿಟ್ಟು, ಯಾರೂ ಕೇಳದ ಈ ಚೌಕದ ಫೋನನ್ನು ಅವಳು ಮೆಚ್ಚಿದ್ದಳು. ಗಿರಾಕಿಗಳೊಡನೆ ಕಟ್ಟೆಯ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ವಾದ ಮಾಡಿ ನಲವತ್ತೊಂದು ಫೋನು ಮಾರಿದ್ದಳು. ಆಗ ಫೋನು ಆರಿಸುವುದೂ ಹೆಣ್ಣು-ಗಂಡು ನೋಡುವ ಹಾಗೆ ಮೂರು ಸಲ ಬಂದು ಹೋಗುವ ಕೆಲಸ. ಈಗ ಎಲ್ಲವೂ ಒಂದೇ ಅಚ್ಚಿನ ಕನ್ನಡಿ ಚೂರು. ಬಣ್ಣ ಹೇಳಿದರೆ ವ್ಯಾಪಾರ ಮುಗಿಯಿತು.

ಮೇಸ್ತ್ರಿ ಒಂದೇ ಸಲಕ್ಕೆ ಒಪ್ಪಿದ್ದ. ಕೈಗವಸು ಹಾಕಿಕೊಂಡೇ ಪರದೆ ಮುಟ್ಟಿ ನೋಡಿದ. ಫೋನು ಮಾತು ಕೇಳಿತು. ತೋಳುದ್ದ ದೂರ ಹಿಡಿದು ನೋಡಿದ; ಚೌಕದೊಳಗಿನ ಅಕ್ಷರ ಕಂಡಿತು. "ಲಿಫ್ಟ್ ಓಡಾಡೋ ಬಾವಿಯಲ್ಲಿ ನಿಂತವನಿಗೆ ಇನ್ನೇನು ಬೇಕು ಅಕ್ಕ?" ಎಂದಿದ್ದ. ಮಾರನೆಯ ವಾರ ತನ್ನ ಜೊತೆಗಾರ ಗ್ರೀಸಣ್ಣನನ್ನೂ ಕರೆತಂದು ಅದೇ ಫೋನು ಕೊಡಿಸಿದ್ದ.

ಆ ಕಂಪನಿ ಫೋನು ತಯಾರಿಸುವುದನ್ನೇ ಬಿಟ್ಟಾಗ ನಲವತ್ತೊಂದು ಮನೆಯಲ್ಲೂ ಅಕ್ಕನ ಹೆಸರು ಹಿಡಿದು ಬೈದರು. ಮೇಸ್ತ್ರಿ ಮಾತ್ರ ಬೈದಿರಲಿಲ್ಲ.

ಟೈಲರಮ್ಮ ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟಳು. ಐದು ವರ್ಷದಿಂದ ಅಳಿಸದೆ ಇಟ್ಟುಕೊಂಡಿದ್ದ ಆ ಮೆಸೇಜು ಅದರಲ್ಲಿತ್ತು. ಜನವರಿ ಒಂಬತ್ತು, ಸಂಜೆ ನಾಲ್ಕು ಹತ್ತು. ಗಂಡನ ನಂಬರಿನಿಂದ, ಊರೆಲ್ಲ ಬಳಸುವ ಮೆಸೇಜ್ ಆ್ಯಪಿನಲ್ಲಿ.

'ನಾನು ಎಲ್ಲ ಬಿಟ್ಟು ಹೋಗ್ತಿದ್ದೀನಿ. ಹುಡುಕಬೇಡ.'

ಅದರ ಕೆಳಗೆ ಅವಳ ಉತ್ತರ: 'ಒಂದು ಸಲ ಫೋನ್ ಮಾಡಿ.'

ಅದರ ಕೆಳಗೆ ಅವನದು: 'ಒಂದು ಸಲ ಫೋನ್ ಮಾಡ್ತೀನಿ.'

ಅಷ್ಟೇ. ಠಾಣೆಯವರು ಅದನ್ನು ಓದಿ ಕಡತ ಮುಚ್ಚಿದರು. ಇಷ್ಟಪಟ್ಟು ಹೋದವರನ್ನು ಎಲ್ಲಿಂದ ಹಿಡಿದು ತರೋಣ ಎಂದಿದ್ದರು. ಅಂದಿನಿಂದ ಅವಳು ಬೀದಿಯಲ್ಲಿ ಗಂಡ ಬಿಟ್ಟವಳು.

"ನಂಗೆ ಬೇಕಾಗಿರೋದು ಒಂದೇ ಅಕ್ಕ," ಎಂದಳು ಟೈಲರಮ್ಮ. "ಇವರು ಬಿಟ್ಟು ಹೋದ್ರಾ, ಇಲ್ಲ ಇವರಿಗೆ ಏನಾದ್ರೂ ಆಯ್ತಾ. ಬಿಟ್ಟು ಹೋದ್ರು ಅಂದ್ರೆ ಬೈಕೊಂಡು ಬಾಳ್ತೀನಿ. ಏನೋ ಆಯ್ತು ಅಂದ್ರೆ ಅತ್ತು ಮುಗಿಸ್ತೀನಿ. ಐದು ವರ್ಷದಿಂದ ಬೈಯೋಕೂ ಇಲ್ಲ, ಅಳೋಕೂ ಇಲ್ಲ."

ಅಕ್ಕ ಮಸೂರವನ್ನು ಕಣ್ಣಿಗೆ ಇಳಿಸಿ, ಚೌಕದ ಫೋನಿನಲ್ಲಿ ಅದೇ ಆ್ಯಪನ್ನು ಒತ್ತಿದಳು.

'ಈ ಆವೃತ್ತಿಯ ಅವಧಿ ಮುಗಿದಿದೆ.'

"ಅಯ್ಯೋ," ಎಂದಳು ಟೈಲರಮ್ಮ.

"ಅಯ್ಯೋ ಅನ್ನಬೇಡ. ನಾನು ಕಾಯ್ತಾ ಇದ್ದಿದ್ದೇ ಇದಕ್ಕೆ."

ಅಕ್ಕ ಫೋನಿನ ದಿನಾಂಕದ ಪುಟ ತೆರೆದಳು. ಇವತ್ತಿನ ತಾರೀಕನ್ನು ಬೆರಳಿನಿಂದ ಹಿಂದಕ್ಕೆ ಉರುಳಿಸತೊಡಗಿದಳು. ತಿಂಗಳು ಉರುಳಿದವು, ವರ್ಷಗಳು ಉರುಳಿದವು. ಟೈಲರಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಐದು ವರ್ಷದ ಹಿಂದಿನ ಡಿಸೆಂಬರ್ ಮೂವತ್ತೊಂದಕ್ಕೆ ಬಂದು ಬೆರಳು ನಿಂತಿತು.

"ಇದು ಪೆದ್ದು ಯಂತ್ರ. ಅವಧಿ ಮುಗಿದಿಲ್ಲ ಅಂತ ನಂಬಿಸಿದ್ರೆ ಹಳೇದನ್ನ ಓದೋಕೆ ಬಿಡುತ್ತೆ. ಹೊಸದು ಕಳಿಸೋಕೆ ಮಾತ್ರ ಬಿಡಲ್ಲ. ಇದರ ಗಡಿಯಾರಕ್ಕೆ ಮೋಸ ಮಾಡಬಹುದು, ಆ ಕಡೆ ಕಂಪನಿಯ ಗಡಿಯಾರಕ್ಕೆ ಆಗಲ್ಲ."

ಆ್ಯಪು ತೆರೆಯಿತು. ಗಂಡ ಹೆಂಡಿರ ಹಳೆಯ ಮಾತುಗಳು ಒಂದರ ಕೆಳಗೊಂದು ಸಾಲಾಗಿ ನಿಂತವು.

'ಹಾಲು ತನ್ನಿ.' 'ಹಾಲು ತರ್ತೀನಿ.'

'ಮಗಳಿಗೆ ಜ್ವರ ಇಳೀತು.' 'ಮಗಳಿಗೆ ಜ್ವರ ಇಳೀತು.'

'ಗಿಣಿ ಥರ ಹೇಳಿದ್ದೇ ಹೇಳಬೇಡಿ.' 'ಗಿಣಿ ಥರ ಹೇಳಿದ್ದೇ ಹೇಳಲ್ಲ.'

ಟೈಲರಮ್ಮ ಗೊಳ್ಳೆಂದು ನಕ್ಕಳು. ಈ ಸಲ ತನ್ನನ್ನು ಗದರಿಕೊಳ್ಳಲಿಲ್ಲ.

"ಅದು ಅವರ ಕೆಲಸದ ಚಾಳಿ ಅಕ್ಕ. ಒಬ್ಬರು ಲಿಫ್ಟಿನ ತಲೆ ಮೇಲೆ ನಿಂತಿರ್ತಾರೆ, ಇನ್ನೊಬ್ಬರು ಕೆಳಗೆ ಮೇನ್ ಸ್ವಿಚ್ ಹತ್ರ. ಹೇಳಿದ್ದನ್ನ ವಾಪಸ್ ಹೇಳದೆ ಮೇನ್ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮೇಲಿರೋರ ಜೀವ ಹೋಗುತ್ತೆ. ಸರಿ ಅನ್ನೋ ಹಾಗೂ ಇಲ್ಲ. 'ಸರಿ ಅನ್ನೋದು ಬಾಯಿಂದ ಬರುತ್ತೆ, ಕಿವಿಯಿಂದ ಬರಲ್ಲ' ಅನ್ನೋರು. ಮನೇಲೂ ಅದೇ."

"ಇದೇನು? ಊಟ ಆರ್ತಾ ಇದೆ ಅಂತ ನೀನು ಬರೆದಾಗೆಲ್ಲ 'ಎರಡನೇ ಮಹಡಿಗೆ ಬಂದೆ' ಅಂತ ಬರೆದಿದಾನೆ. ನಿಮ್ಮ ಮನೆಗೆ ಮಹಡಿ ಎಲ್ಲಿದೆ?"

"ಒಂದಂತಸ್ತಿಗೇ ತಾರಸಿ ಸೋರುತ್ತೆ!" ಟೈಲರಮ್ಮ ಕಣ್ಣೊರೆಸಿಕೊಂಡಳು. "ಊಟಕ್ಕೆ ಕರೆದಾಗ ಮಾತ್ರ ಆ ಉತ್ತರ. ಇನ್ನೆರಡು ನಿಮಿಷ ಅಂತ ಅರ್ಥ. ಬರ್ತಾ ಇದ್ದಿದ್ದು ಒಂದು ಗಂಟೆ ಆದ್ಮೇಲೆ."

ಅಕ್ಕ ಕೊನೆಯ ಸಾಲಿಗೆ ಬಂದಳು. ಡಿಸೆಂಬರ್ ಮೂವತ್ತೊಂದು, ಸಂಜೆ ಆರು. ಮೇಸ್ತ್ರಿ ಹೆಂಡತಿಗೆ ಬರೆದಿದ್ದ: 'ನಾಳೆಯಿಂದ ಈ ಆ್ಯಪ್ ನನ್ನ ಫೋನಲ್ಲಿ ಬರಲ್ಲ. ಏನಿದ್ರೂ ಕಾಲ್ ಮಾಡು.'

ಅದರ ನಂತರ ಏನೂ ಇರಲಿಲ್ಲ.

"ಓದು," ಎಂದಳು ಅಕ್ಕ.

ಟೈಲರಮ್ಮ ಓದಿದಳು. ಇನ್ನೊಮ್ಮೆ ಓದಿದಳು. "ನನ್ನ ಫೋನಲ್ಲಿ ಹೊಸ ವರ್ಷಕ್ಕಿಂತ ಹಿಂದಿನದೆಲ್ಲ ಜಾಗ ಸಾಲದೆ ಅಳಿಸಿದ್ದೆ, ನನಗೆ ನೆನಪೇ ಇರಲಿಲ್ಲ," ಎಂದಳು ಮೆಲ್ಲಗೆ.

"ಯಾರಿಗಿರುತ್ತೆ? ಈ ಫೋನ್ ಇಟ್ಟುಕೊಂಡ ಹುಚ್ಚರಿಗೆ ಮಾತ್ರ ಇರುತ್ತೆ. ಜನವರಿ ಒಂದನೇ ತಾರೀಕು ಬೆಳಿಗ್ಗೆ ಹತ್ತೊಂಬತ್ತು ಜನ ಇದೇ ಬಾಗಿಲಲ್ಲಿ ನಿಂತು ನನ್ನ ಜನ್ಮ ಜಾಲಾಡಿದ್ರು. ಆ ತಾರೀಕನ್ನ ನಾನು ಸತ್ತರೂ ಮರೆಯಲ್ಲ. ಜನವರಿ ಒಂಬತ್ತಕ್ಕೆ ಈ ಫೋನಿಂದ ಆ ಆ್ಯಪಿನಲ್ಲಿ ಒಂದಕ್ಷರ ಹೊರಗೆ ಹೋಗೋ ಹಾಗಿರಲಿಲ್ಲ."

"ಹಾಗಾದ್ರೆ ಆ ಮೆಸೇಜು..."

"ಬೇರೆ ಫೋನಿಂದ ಬಂತು. ನಿನ್ನ ಫೋನಲ್ಲೇ ಸಾಕ್ಷಿ ಇದೆ, ಇಲ್ಲಿ ನೋಡು."

ಟೈಲರಮ್ಮನ ಫೋನಿನಲ್ಲಿ, ಆ ಮೆಸೇಜಿನ ಮೇಲೆ, ಇರುವೆ ಸಾಲಿನಂಥ ಬೂದು ಅಕ್ಷರದಲ್ಲಿ ಒಂದು ಸಾಲಿತ್ತು. 'ಈ ನಂಬರ್ ಹೊಸ ಫೋನಿನಲ್ಲಿ ನೋಂದಣಿಯಾಗಿದೆ. 4:06.' ಐದು ವರ್ಷದಲ್ಲಿ ಸಾವಿರ ಸಲ ಆ ಪುಟ ನೋಡಿದವಳ ಕಣ್ಣು ಒಮ್ಮೆಯೂ ಆ ಸಾಲಿನ ಮೇಲೆ ನಿಂತಿರಲಿಲ್ಲ.

"ಯಾರೋ ಇದರ ಸಿಮ್ ತೆಗೆದು ತಮ್ಮ ಫೋನಿಗೆ ಹಾಕಿಕೊಂಡ್ರು. ನಾಲ್ಕು ಆರಕ್ಕೆ ನಂಬರ್ ಹತ್ತಿಸಿದ್ರು. ನಾಲ್ಕು ನಿಮಿಷ ಯೋಚನೆ ಮಾಡಿ ನಿನಗೆ ಬರೆದ್ರು."

"ಇವರೇ ಹೊಸ ಫೋನ್ ತಗೊಂಡಿದ್ರೆ?"

ಅಕ್ಕನನ್ನು ಬೆಳಿಗ್ಗೆಯಿಂದ ಕೊರೆಯುತ್ತಿದ್ದ ಪ್ರಶ್ನೆಯೂ ಅದೇ. ಹೇಳಿದ್ದನ್ನು ವಾಪಸ್ ಹೇಳುವ ಆ ಕೊನೆಯ ಸಾಲು, 'ಒಂದು ಸಲ ಫೋನ್ ಮಾಡ್ತೀನಿ', ಮೇಸ್ತ್ರಿಯ ಬಾಯಿಂದಲೇ ಬಂದ ಹಾಗಿತ್ತು. ಅದಕ್ಕೇ ಹೆಂಡತಿ ನಂಬಿದ್ದಳು. ಆದರೆ ಹಾಗೆ ಮಾತಾಡುವವನು ಲೋಕದಲ್ಲಿ ಅವನೊಬ್ಬನೇ ಅಲ್ಲವಲ್ಲ.

ಅವಳ ಮನಸ್ಸಿನಲ್ಲಿ ಇಬ್ಬರಿದ್ದರು. ಒಬ್ಬ ಟೈಲರಮ್ಮನ ಸ್ವಂತ ಅಣ್ಣ. ತಂಗಿಯ ಮದುವೆಯ ದಿನದಿಂದ ಮೇಸ್ತ್ರಿಯ ಮುಖ ಕಂಡರೆ ಆಗದವನು. ಆದರೆ ಅವನು ಯಾರು ಏನು ಕೇಳಿದರೂ 'ಹ್ಞೂಂ' ಎನ್ನುವ ಆಸಾಮಿ. ನಾಲ್ಕು ಪದದ ಉತ್ತರ ಅವನ ಜಾತಕದಲ್ಲೇ ಇಲ್ಲ. ಇನ್ನೊಬ್ಬನಿಗೆ ಅವಳು ಆಗಲೇ ಫೋನು ಮಾಡಿ, ನಾಲ್ಕು ಗಂಟೆಗೆ ಬರಹೇಳಿದ್ದಳು.

ಅವನು ಬರುವ ಮೊದಲು ಇನ್ನೊಂದು ಕೆಲಸವಿತ್ತು. ದಿನಾಂಕವನ್ನು ಮತ್ತೆ ಇವತ್ತಿಗೆ ತಂದಳು. ಕೆಳಗಿನ ಮೂಲೆಯ ಒಂದು ಚೌಕದಲ್ಲಿ ಪುಟ್ಟ ಹಕ್ಕಿಯ ಚಿತ್ರವಿತ್ತು.

"ಇದೇನಕ್ಕ?"

"ಗುಬ್ಬಿ. ಯಾರೋ ನಾಲ್ಕು ಜನ ಹವ್ಯಾಸಕ್ಕೆ ಮಾಡಿದ ಮೆಸೇಜ್ ಆ್ಯಪು. ದೊಡ್ಡದು ನಿಂತುಹೋಗುತ್ತೆ ಅಂತ ಗೊತ್ತಾದಾಗ ನಿನ್ನ ಗಂಡನಿಗೂ ಅವನ ಜೊತೆಗಾರನಿಗೂ ನಾನೇ ಹಾಕಿಕೊಟ್ಟಿದ್ದೆ. ಇದಕ್ಕೆ ಸಿಮ್ ಬೇಡ, ನಂಬರ್ ಬೇಡ. ಹೆಸರು, ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಫೋನಿಂದ ಬೇಕಾದರೂ ಒಳಗೆ ಹೋಗಬಹುದು. ತಾರೀಕು ಸರಿ ಇಲ್ಲದಿದ್ದರೆ ಮಾತ್ರ ಬಾಗಿಲು ತೆಗೆಯಲ್ಲ."

"ಈಗಲೂ ಇದೆಯಾ?"

"ನಡೆಸೋರಿಗೆ ಹಟ ಇದ್ದರೆ ಇರುತ್ತೆ."

ಗುಬ್ಬಿಯ ಚೌಕದಲ್ಲಿ 'ಜೋಡಿಸುತ್ತಿದೆ' ಎಂಬ ಪದ ಮಿನುಗುತ್ತಿರುವಾಗಲೇ ಬಾಗಿಲ ಬೆಳಕು ಮಸುಕಾಯಿತು.

"ಏನಕ್ಕ, ಹಳೇ ಗಿರಾಕಿ ನೆನಪಾದ್ನಾ?"

ಗ್ರೀಸಣ್ಣ ತಲೆ ಬಗ್ಗಿಸಿ ಒಳಗೆ ಬಂದ. ಉಗುರ ಸಂದಿಯ ಕಪ್ಪು ಐದು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇತ್ತು. ಟೈಲರಮ್ಮನನ್ನು ಕಂಡು ಒಂದು ಗಳಿಗೆ ನಿಂತ.

"ಅತ್ತಿಗೆ, ನೀವೂ ಇಲ್ಲೇ ಇದೀರಾ? ಚೆನ್ನಾಗಿದೀರಾ?" ಆಮೇಲೆ ಅವನ ಕಣ್ಣು ಮೇಜಿನ ಮೇಲಿನ ಚೌಕಗಳ ಮೇಲೆ ಬಿತ್ತು. "ಇದು... ಮೇಸ್ತ್ರಿ ಅಣ್ಣಂದಲ್ವಾ?"

"ಎಷ್ಟೊಂದು ಜನ ಇಟ್ಟುಕೊಂಡಿದ್ರು ಈ ಫೋನು. ನಿಮಗೆ ಹೇಗೆ ಗೊತ್ತಾಯ್ತು?" ಎಂದಳು ಅಕ್ಕ.

"ಮೂಲೆ ಒಡೆದಿದೆಯಲ್ಲ. ಮೂರನೇ ಮಹಡಿಯಿಂದ ಬಿದ್ದಾಗ ನಾನೇ ಹಿಡಿಯೋಕೆ ಹೋಗಿ ತಪ್ಪಿದ್ದು." ಅವನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಅದೇ ಅಕ್ಕನಿಗೆ ಕಷ್ಟವಾಯಿತು. "ಎಂಥಾ ಫೋನು ಅಕ್ಕ. ಬಿದ್ದೂ ರಿಂಗ್ ಆಗ್ತಾ ಇತ್ತು. ಲಿಫ್ಟ್ ಕೆಲಸದವರಲ್ಲಿ ನಾವಿಬ್ಬರೇ ಚೌಕದ ರಾಜರು ಅಂತ ಆಡಿಕೊಳ್ತಿದ್ವಿ. ಒಬ್ಬ ಚಾರ್ಜರ್ ಮರೆತರೆ ಇನ್ನೊಬ್ಬನೇ ಗತಿ, ಬೇರೆ ಯಾರ ಹತ್ರ ಸಿಗಬೇಕು?"

ಅಷ್ಟರಲ್ಲಿ ಅಕ್ಕ ಚಾರ್ಜರಿನ ವೈರನ್ನು ಸೆಳೆದು ಕೂಗಿದಳು. "ಅಯ್ಯೋ, ಪ್ಲಗ್ ಸುಟ್ಟ ವಾಸನೆ ಬರ್ತಿದೆ. ಗ್ರೀಸಣ್ಣ, ಮೇನ್ ಆಫ್ ಮಾಡಿ!"

"ಮೇನ್ ಆಫ್ ಮಾಡ್ತೀನಿ." ಅವನು ಎರಡೇ ಹೆಜ್ಜೆಗೆ ಬೋರ್ಡು ತಲುಪಿದ. ಟಪ್. "ಮೇನ್ ಆಫ್ ಆಯ್ತು."

ಅಕ್ಕ ಪ್ಲಗ್ಗನ್ನು ಸುಮ್ಮನೆ ತಿರುವಿ ನೋಡಿದಳು. "ಏನಿಲ್ಲ. ಆನ್ ಮಾಡಿ."

ಅವನು ಕೈ ಎತ್ತಿ, ತಡೆದು, ಬೆನ್ನು ತಿರುಗಿಸಿಕೊಂಡೇ ಕೇಳಿದ: "ಮೇಲೆ ಯಾರಿದ್ದೀರಿ?"

ಕೇಳಿದ ಮೇಲೆ ತಾನೇ ನಕ್ಕ. "ಚಾಳಿ ಅಕ್ಕ. ಆನ್ ಮಾಡೋಕೆ ಮುಂಚೆ ಕೇಳಲೇಬೇಕು. ಇಪ್ಪತ್ತು ವರ್ಷ ಅಣ್ಣ ತಲೆ ಮೇಲೆ ಮೊಟಕಿ ಕಲಿಸಿದ್ದು." ಟಪ್. "ಮೇನ್ ಆನ್ ಆಯ್ತು."

ವೈಫೈ ಡಬ್ಬಿಯ ದೀಪಗಳು ಮತ್ತೆ ಮೊದಲಿಂದ ಕಣ್ಣು ಮಿಟುಕಿಸತೊಡಗಿದವು.

ಟೈಲರಮ್ಮ ಅಕ್ಕನತ್ತ ನೋಡಿದಳು. ಅವಳಿಗೂ ಹೊಳೆದಿತ್ತು.

"ಆ ಇನ್ನೊಂದು ಸ್ಟೂಲಲ್ಲಿ ಕೂತ್ಕೊಳ್ಳಿ ಗ್ರೀಸಣ್ಣ," ಎಂದಳು ಅಕ್ಕ. "ಆ ವರ್ಷ ಜನವರಿ ಎರಡನೇ ತಾರೀಕು ನನ್ನ ಹತ್ರ ಹೊಸ ಫೋನ್ ತಗೊಂಡ್ರಲ್ಲ, ನೆನಪಿದೆಯಾ?"

"ಹೊಸ ಫೋನ್ ತಗೊಂಡೆ, ನೆನಪಿದೆ."

"ಎರಡು ಸಿಮ್ ಹಾಕೋದೇ ಬೇಕು ಅಂದ್ರಿ. ನಿಮಗಿದ್ದಿದ್ದು ಒಂದೇ ನಂಬರ್."

"ಎಲ್ಲರೂ ಎರಡು ಸಿಮ್ಮಿಂದೇ ತಗೋತಾರಲ್ಲಕ್ಕ."

"ತಗೋತಾರೆ. ಎರಡನೇದರಲ್ಲಿ ಯಾರ ಸಿಮ್ ಹಾಕಿದ್ರಿ?"

ಗ್ರೀಸಣ್ಣ ನಗಲು ನೋಡಿದ. ನಗು ಅರ್ಧ ದಾರಿಯಲ್ಲಿ ಲಿಫ್ಟಿನಂತೆ ಸಿಕ್ಕಿಕೊಂಡಿತು. "ಅಣ್ಣನ ಸಿಮ್ ನಾನು ಯಾಕೆ ಹಾಕಲಿ?"

"ನಾನು ಅಣ್ಣನ ಹೆಸರೇ ಎತ್ತಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ. ಪಕ್ಕದ ಗೂಡಿನಿಂದ ಬೀಗದ ಕೈ ಉಜ್ಜುವ ಸದ್ದು ಕೇಳುತ್ತಿತ್ತು. ಅಕ್ಕ ಟೈಲರಮ್ಮನ ಫೋನನ್ನು ಅವನ ಮುಂದೆ ಜರುಗಿಸಿ, ಬೂದು ಸಾಲಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟಳು. ಆಮೇಲೆ ಆ ತುದಿಯನ್ನು ಕೊನೆಯ ಸಾಲಿಗೆ ಇಳಿಸಿದಳು.

"ಮೊದಲನೆಯ ಮೆಸೇಜನ್ನು ಯಾರು ಬೇಕಾದರೂ ಬರೆಯಬಹುದು. ಇದನ್ನ ಇಬ್ಬರೇ ಬರೆಯೋಕಾಗೋದು. ಊರಲ್ಲಿ ಬೇರೆ ಯಾರಾದರೂ ಆಗಿದ್ದರೆ 'ಸರಿ' ಅಂತಿದ್ರು, ಇಲ್ಲ ಸುಮ್ಮನಿರ್ತಿದ್ರು."

ಗ್ರೀಸಣ್ಣ ಆ ಸಾಲಿನ ಮೇಲೆ ಬೆರಳಾಡಿಸಿದ.

"ಬೆರಳು ತಾನಾಗೇ ಬರೀತು ಅತ್ತಿಗೆ," ಎಂದ. "ಕಳಿಸಿದ ಮೇಲೆ ಅಯ್ಯೋ ಅನಿಸ್ತು. ವಾಪಸ್ ತೆಗೆಯೋಕೆ ಬರಲಿಲ್ಲ."

"ನಾನು ಇದನ್ನ ಆಫ್ ಮಾಡಿಲ್ಲ," ಎಂದಳು ಟೈಲರಮ್ಮ. ಅವಳ ದನಿ ಏರಲಿಲ್ಲ. "ಐದು ವರ್ಷ. ಬಟ್ಟೆ ಹೊಲಿಯುವಾಗ ಮೆಷಿನ್ ಸದ್ದಲ್ಲಿ ಕೇಳಿಸದೆ ಹೋದೀತು ಅಂತ ತೊಡೆ ಮೇಲೆ ಇಟ್ಟುಕೊಂಡೇ ಹೊಲಿದಿದೀನಿ. ಹೊಸ ಫೋನ್ ತಗೋ ಅಂತ ಮಗಳು ಬೈದರೂ ತಗೊಂಡಿಲ್ಲ, ನಂಬರ್ ತಪ್ಪಿಹೋದೀತು ಅಂತ. ಫೋನ್ ಮಾಡ್ತೀನಿ ಅಂದಿದ್ರಲ್ಲ. ಆ ಮಾತು ನಿಮ್ಮದಾ?"

ಗ್ರೀಸಣ್ಣ ತಲೆ ತಗ್ಗಿಸಿದ. "ಅಣ್ಣನೇ ಹೇಳಿದ್ದು ಅತ್ತಿಗೆ. ಆಣೆ. ತಾನಾಗೇ ಸಿಮ್ ತೆಗೆದು ನನ್ನ ಕೈಗೆ ಕೊಟ್ಟ. 'ಹೀಗೆ ಬರೆದುಬಿಡು, ಅವಳು ಹುಡುಕೋದು ಬೇಡ' ಅಂದ."

"ಯಾಕೆ?"

"ಹೇಳಲಿಲ್ಲ."

"ಎಲ್ಲಿಗೆ ಹೋದ್ರು?"

"ಹೇಳಲಿಲ್ಲ ಅತ್ತಿಗೆ."

"ಎರಡು ಸಿಮ್ಮಿನ ಫೋನು ಒಂದು ವಾರ ಮುಂಚೆಯೇ ತಗೊಂಡಿದ್ರಲ್ಲ," ಎಂದಳು ಅಕ್ಕ. "ಅವನು ಸಿಮ್ ಕೊಡ್ತಾನೆ ಅಂತ ನಿಮಗೆ ಒಂದು ವಾರ ಮೊದಲೇ ಗೊತ್ತಿತ್ತಾ?"

ಈ ಸಲ ಗ್ರೀಸಣ್ಣ ಅವಳ ಮಾತನ್ನು ವಾಪಸ್ ಹೇಳಲಿಲ್ಲ. ಎದ್ದು ನಿಂತ. "ಗಂಟಲು ಒಣಗಿದೆ," ಎಂದು ಬಾಗಿಲ ಕಡೆ ತಿರುಗಿದ.

ಆಗ ಮೇಜಿನ ಮೇಲೆ ಗುಬ್ಬಿ ಚಿಲಿಪಿಲಿಗುಟ್ಟಿತು.

ಮೂವರೂ ಆ ಸದ್ದನ್ನು ಬಲ್ಲವರೇ. ಒಂದು ಕಾಲದಲ್ಲಿ ಮೇಸ್ತ್ರಿಯ ಜೇಬಿನಿಂದ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಸದ್ದು. ಟೈಲರಮ್ಮನ ಕೈ ತನಗೆ ತಿಳಿಯದೆಯೇ ಎದೆಗೆ ಹೋಯಿತು.

ವೈಫೈ ಮರಳಿತ್ತು. ಗುಬ್ಬಿ ಗೂಡು ಸೇರಿತ್ತು. ಅಕ್ಕ ಮಸೂರ ಇಳಿಸಿಕೊಂಡು ಬಾಗಿದಳು. ಮೇಸ್ತ್ರಿ ತನಗೆ ತಾನೇ ಚೀಟಿ ಬರೆದುಕೊಳ್ಳುತ್ತಿದ್ದ ಪುಟ ತೆರೆದಿತ್ತು. ಆ ಪುಟ ಅವನ ಹೆಸರಿನಲ್ಲಿ ಒಳಬಂದವರಿಗೆ ಬಿಟ್ಟು ಇನ್ಯಾರಿಗೂ ಕಾಣುವುದಿಲ್ಲ. ಹಗ್ಗ ಬದಲಿಸಬೇಕು, ಮೂರನೇ ಮಹಡಿ ಬಾಗಿಲಿಗೆ ಎಣ್ಣೆ. ಎಲ್ಲ ಹಳೆಯವು. ಆದರೆ ಪುಟದ ನೆತ್ತಿಯ ಮೇಲೆ ಒಂದು ಸಾಲು ಹೊಸದಾಗಿ ಬಂದಿತ್ತು.

'ಈ ಖಾತೆ ಇನ್ನೊಂದು ಫೋನಿನಲ್ಲೂ ತೆರೆದಿದೆ. ಕೊನೆಯ ಬಾರಿ ಕಂಡದ್ದು: ಈಗ.'

ಅಕ್ಕ ಅದನ್ನು ಜೋರಾಗಿ ಓದಲಿಲ್ಲ. ಟೈಲರಮ್ಮನ ಮೊಣಕೈ ಹಿಡಿದು ಹತ್ತಿರಕ್ಕೆ ಎಳೆದಳಷ್ಟೆ.

ಅವರಿಬ್ಬರೂ ನೋಡುತ್ತಿರುವಂತೆಯೇ ಪರದೆಯ ಬಲಗಡೆ, ಈ ಫೋನೇ ತನ್ನಷ್ಟಕ್ಕೆ ಬರೆದುಕೊಂಡ ಹಾಗೆ, ಅಕ್ಷರಗಳು ಮೂಡಿದವು.

'ಮೇಲೆ ಯಾರಿದ್ದೀರಿ?'

ಟೈಲರಮ್ಮ ಫೋನನ್ನು ಕೈಗೆ ತೆಗೆದುಕೊಂಡಳು. ಐದು ವರ್ಷದ ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಕೇಳುತ್ತಾಳೋ ಎಂದು ಅಕ್ಕ ಕಾದಳು. ಸೂಜಿ ಚುಚ್ಚಿ ಒರಟಾದ ಹೆಬ್ಬೆರಳು ಮೆಲ್ಲಗೆ ಒಂದೊಂದೇ ಅಕ್ಷರ ಒತ್ತಿತು.

'ಊಟ ಆರ್ತಾ ಇದೆ.'

ಅದೂ ಬಲಗಡೆಯೇ ಹೋಗಿ ನಿಂತಿತು. ಇಬ್ಬರ ಮಾತೂ ಒಂದೇ ಕಡೆ, ಒಂದರ ಕೆಳಗೊಂದು.

ಏನೂ ಬರಲಿಲ್ಲ. ಬೀಗದ ಕೈ ಉಜ್ಜುವ ಸದ್ದು ನಿಂತು ಮತ್ತೆ ಶುರುವಾಯಿತು.

'ಎರಡನೇ ಮಹಡಿಗೆ ಬಂದೆ.'

ಟೈಲರಮ್ಮನ ಗಂಟಲಿನಿಂದ ಹೊರಟದ್ದು ಅಳುವೋ ನಗುವೋ ಅವಳಿಗೇ ಗೊತ್ತಿರಲಿಲ್ಲ. ಅಕ್ಕ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಬದುಕಿದ್ದಾನೆ. ಹಾಗಾದರೆ ಬಿಟ್ಟೇ ಹೋದನೇ? ಈಗ ಇವಳು ಬೈದು ಬಾಳಬೇಕೇ?

ಗುಬ್ಬಿ ಇನ್ನೊಮ್ಮೆ ಚಿಲಿಪಿಲಿಗುಟ್ಟಿತು.

'ಗ್ರೀಸ್ ಪಕ್ಕದಲ್ಲಿದ್ದಾನಾ? ಇದ್ದರೆ ಏನೂ ಬರೀಬೇಡ.'

ಅಕ್ಕ ತಲೆ ಎತ್ತಿದಳು. ಅವನು ಕೂತಿದ್ದ ಸ್ಟೂಲು ಖಾಲಿಯಿತ್ತು. ಗ್ರೀಸಣ್ಣ ಹೊರಗೆ ಹೋಗಿರಲಿಲ್ಲ. ಬಾಗಿಲ ಬೆಳಕನ್ನು ಪೂರ್ತಿ ತುಂಬಿಕೊಂಡು, ಮುಖ ಒಳಗೆ ಮಾಡಿ, ಬೋರ್ಡಿನ ಪಕ್ಕ ನಿಂತಿದ್ದ. ಅವನ ಕಣ್ಣು ಟೈಲರಮ್ಮನ ಕೈಯಲ್ಲಿದ್ದ ಚೌಕಗಳ ಮೇಲಿತ್ತು.

ಟಪ್.

ವೈಫೈ ಡಬ್ಬಿಯ ದೀಪಗಳು ಆರಿದವು. ಗುಬ್ಬಿಯ ಮೇಲೆ 'ಜೋಡಿಸುತ್ತಿದೆ' ಎಂಬ ಪದ ಮತ್ತೆ ಮಿನುಗತೊಡಗಿತು.

ಅಕ್ಕ ಕಾದಳು. ಮೇನ್ ಆಫ್ ಆಯ್ತು ಎಂಬ ಮಾತು ಬರಲಿಲ್ಲ.

ಇಪ್ಪತ್ತು ವರ್ಷ ತಲೆ ಮೇಲೆ ಮೊಟಕಿಸಿಕೊಂಡು ಕಲಿತವನು ಬಾಯಿ ಬಿಡದೆ ಮೇನ್ ಮುಟ್ಟಿದ್ದ. ಅವನ ಕೈ ಬೋರ್ಡಿನ ಮೇಲೆ ಕೂತಿದ್ದ ರೀತಿ ನೋಡಿದರೆ, ಇದು ಮೊದಲನೆಯ ಸಲದಂತೆ ಕಾಣಲಿಲ್ಲ. ಆ ಸಲ ಲಿಫ್ಟಿನ ತಲೆ ಮೇಲೆ ಮೇಸ್ತ್ರಿ ನಿಂತಿದ್ದಿರಬೇಕು.